ರೈಟಕ್ಕನ ಅರ್ಜೆಂಟು

ರೈಟಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿ ದಿನಕ್ಕೆ ಇನ್ನೂರು ಸಲ ರೈಟ್ ರೈಟ್ ಅಂದವಳನ್ನು ಜನ ಇನ್ನೇನಂತ ಕರೆಯಬೇಕು? ನಿವೃತ್ತಿಯಾಗಿ ಎರಡು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಮನೆಗೆ ಬೀಗ ಹಾಕಿದ ಮೇಲೆ ಬಾಗಿಲಿಗೆ ಎರಡು ಸಲ ತಟ್ಟಿಯೇ ಹೊರಡುತ್ತಾಳೆ. ಲಿಫ್ಟಿನಲ್ಲಿ ಯಾರಾದರೂ ಬಾಗಿಲಲ್ಲೇ ನಿಂತಿದ್ದರೆ ಒಳಗೆ ಹೋಗಿ, ಒಳಗೆ ಜಾಗ ಇದೆ ಅನ್ನುತ್ತಾಳೆ. ಎಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದದ್ದಕ್ಕೆ ಬಲಗಿವಿ ಕೈಕೊಟ್ಟಿದೆ, ಎಡಗಿವಿಯೂ ಅಷ್ಟಕ್ಕಷ್ಟೆ. ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿ, ಕನ್ನಡಿಯಂತೆ ಮುಖದೆದುರು ಹಿಡಿದು ಮಾತಾಡುತ್ತಾಳೆ. ಅವಳ ಮನೆಯ ಗುಟ್ಟು ಮಹಡಿಯವರಿಗೆಲ್ಲ ಗೊತ್ತು, ಅವಳಿಗೆ ಅದರ ಪರಿವೆಯೂ ಇಲ್ಲ.

ಅಂಥವಳು ಮೊದಲ ಸಲ ವಿಮಾನ ಹತ್ತಿದ್ದು ತಂಗಿಗಾಗಿ. ತಂಗಿ ದೂರದ ಊರಿನಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಅಡುಗೆಮನೆಗಳಲ್ಲಿ ಬೆವರು ಸುರಿಸಿ, ಐವತ್ತು ತುಂಬಿದ ಮೇಲೆ ಆರು ಮೇಜಿನ ಸ್ವಂತ ಚಹಾ ಅಂಗಡಿ ಇಡುತ್ತಿದ್ದಳು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆರಂಭ. ಶಟರಿನ ಬೀಗವನ್ನು ಅಕ್ಕನೇ ತೆಗೆಯಬೇಕು ಅಂತ ಪಟ್ಟು ಹಿಡಿದು, ಟಿಕೆಟ್ಟನ್ನೂ ತಾನೇ ಮಾಡಿಸಿ ಕಳಿಸಿದ್ದಳು. ನಡುವೆ ಒಂದು ಊರಿನಲ್ಲಿ ವಿಮಾನ ಬದಲಾಯಿಸಬೇಕಿತ್ತು.

ಪಟ್ಟು ಹಿಡಿಯಲು ಕಾರಣವೂ ಇತ್ತು. ತಂಗಿಯ ಮದುವೆಗೆ ರೈಟಕ್ಕ ತಲುಪಿದಾಗ ಅಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಹೆರಿಗೆಗೆ ಬರುತ್ತೇನೆ ಅಂದವಳು ಮಗುವಿಗೆ ಹಲ್ಲು ಬಂದ ಮೇಲೆ ಹೋದಳು. ಅಮ್ಮ ತೀರಿಕೊಂಡ ಸುದ್ದಿ ದಾರಿಯ ಮಧ್ಯೆ ಸಿಕ್ಕಿದಾಗಲೂ, ಬಸ್ಸಿನ ತುಂಬ ಜನರಿದ್ದಾರೆ ಅಂತ ಟ್ರಿಪ್ ಮುಗಿಸಿಯೇ ಬಂದಳು. ಅಂದು ತಂಗಿ ಒಬ್ಬಳೇ ಅಮ್ಮನ ಪಕ್ಕ ನಾಲ್ಕು ಗಂಟೆ ಕೂತಿದ್ದಳು. ಅದರ ಬಗ್ಗೆ ಇಬ್ಬರೂ ಇವತ್ತಿನವರೆಗೆ ತುಟಿ ಬಿಚ್ಚಿರಲಿಲ್ಲ. ಈ ಸಲ ಮಾತ್ರ ತಂಗಿ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. "ಅಕ್ಕ, ಈ ಸಲಾನೂ ಬರ್ಲಿಲ್ಲ ಅಂದ್ರೆ ಇನ್ನು ಮುಂದೆ ನಿನ್ನ ಕರೆಯೋದೇ ಇಲ್ಲ" ಅಂದಿದ್ದಳು.

ಮೊದಲ ವಿಮಾನದಲ್ಲಿ ರೈಟಕ್ಕ ತೆಪ್ಪಗೆ ಕೂತಳು ಅಂದುಕೊಂಡರೆ ಅದು ನಿಮ್ಮ ಭ್ರಮೆ. ಎಲ್ಲರೂ ಹತ್ತಿದರೋ ಇಲ್ಲವೋ ಅಂತ ಎದ್ದೆದ್ದು ನೋಡಿದಳು. ಪರಿಚಾರಿಕೆ ಮೂರು ಸಲ ಬಂದು ಕೂರಿಸಿ, ನಾಲ್ಕನೇ ಸಲ ತಾನೇ ಬೆಲ್ಟ್ ಬಿಗಿದು ಹೋದಳು. ಅಷ್ಟರಲ್ಲಿ ರೈಟಕ್ಕ ತಲೆ ಎಣಿಸಿಯಾಗಿತ್ತು: ನೂರಾ ಹನ್ನೆರಡು ದೊಡ್ಡವರು, ಮೂರು ಕೈಗೂಸು. ಇಳಿಯುವಾಗಲೂ ಅಷ್ಟೆ. ಎಲ್ಲರನ್ನೂ ಮುಂದೆ ಬಿಟ್ಟು, ಸೀಟು ಸೀಟು ಇಣುಕಿ, ಯಾರೋ ಮರೆತಿದ್ದ ಕನ್ನಡಕವೊಂದನ್ನು ಪರಿಚಾರಿಕೆಯ ಕೈಗಿಟ್ಟು ಕೊನೆಯವಳಾಗಿ ಇಳಿದಳು. ಕೆಲಸ ಮಾಡಿದ ತೃಪ್ತಿ ಮುಖದ ಮೇಲೆ ಕಾಣುತ್ತಿತ್ತು.

ಎರಡನೇ ವಿಮಾನ ಪುಟ್ಟದು, ಮಧ್ಯಾಹ್ನ ಎರಡಕ್ಕಿತ್ತು. ಒಂದೂ ಮುಕ್ಕಾಲಿಗೆ ಫಲಕದಲ್ಲಿ ಅದರ ಎದುರು ರದ್ದು ಅಂತ ಬಂತು. ಏನೋ ತಾಂತ್ರಿಕ ತೊಂದರೆಯಂತೆ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಜನ ಕೌಂಟರಿಗೆ ಮುಗಿಬಿದ್ದರು. ಕೌಂಟರಿನಲ್ಲಿ ಕೆಲಸಕ್ಕೆ ಸೇರಿ ಹತ್ತು ದಿನವೂ ಆಗಿರದ ಹುಡುಗಿ. ಐದು ಗಂಟೆಗೆ ಇನ್ನೊಂದು ವಿಮಾನವಿದೆ, ಅದರಲ್ಲಿ ಏಳೇ ಸೀಟು ಖಾಲಿ. ಉಳಿದವರಿಗೆ ಇವತ್ತು ಹೋಟೆಲು, ನಾಳೆ ಮಧ್ಯಾಹ್ನ ಹನ್ನೆರಡರ ವಿಮಾನ ಅಂತ ಹೇಳುವಷ್ಟರಲ್ಲಿ ಅವಳ ಗಂಟಲು ಒಣಗಿತ್ತು. ಆ ಏಳು ಸೀಟು ಯಾರಿಗೆ ಅಂದರೆ, ಮೊದಲು ಕೌಂಟರಿಗೆ ಬಂದವರಿಗೆ ಅಂದಳು. ಆದರೆ ಎಲ್ಲರೂ ಮೊದಲೇ ಬಂದಿದ್ದರು, ಅದೇ ತಾಪತ್ರಯ. ಅದರಲ್ಲೂ ಸೂಟು ಹಾಕಿದ ಒಬ್ಬ ಮಹಾಶಯ ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದೆ ಹೋಗಿ, ಅಮ್ಮ ಐಸಿಯುನಲ್ಲಿದ್ದಾರೆ, ನನ್ನನ್ನೇ ಮೊದಲು ಕಳಿಸಿ ಅಂತ ಮೇಜು ಕುಟ್ಟುತ್ತಿದ್ದ.

ರೈಟಕ್ಕನಿಗೆ ಇದು ಹೊಸದಲ್ಲ. ದಾರಿಯ ಮಧ್ಯೆ ಬಸ್ ಕೆಟ್ಟು ನಿಂತು, ಹಿಂದಿನಿಂದ ಬರುವ ಬಸ್ಸಿನಲ್ಲಿ ಹತ್ತು ಜನರಿಗಷ್ಟೇ ಜಾಗವಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಅವಳದೇ ಕಾನೂನಿತ್ತು. ಮೊದಲು ತಲೆ ಎಣಿಸಬೇಕು. ಆಮೇಲೆ ಒಬ್ಬೊಬ್ಬರನ್ನೂ ಏನು ಅರ್ಜೆಂಟು ಅಂತ ಕೇಳಬೇಕು. ನಿಜವಾದ ಅರ್ಜೆಂಟಿನವರು ಮುಂದೆ, ಸುಳ್ಳು ಹೇಳಿ ಸಿಕ್ಕಿಬಿದ್ದವರು ಕೊನೆಗೆ. ಕಂಡಕ್ಟರು ಯಾವಾಗಲೂ ಎಲ್ಲರಿಗಿಂತ ಹಿಂದೆ. ಅವಳು ಕೈಚೀಲದಿಂದ ಪೆನ್ನು ತೆಗೆದು, ತನ್ನ ಬೋರ್ಡಿಂಗ್ ಪಾಸಿನ ಬೆನ್ನಿಗೆ ಗೆರೆ ಎಳೆದು, ಬಸ್ ನಿಲ್ದಾಣಕ್ಕೆಲ್ಲ ಕೇಳಿಸುತ್ತಿದ್ದ ಆ ದನಿಯನ್ನು ಹೊರಗೆ ತೆಗೆದಳು. ಎಲ್ಲರೂ ಕುರ್ಚಿ ಹಿಡಿದು ಕೂತರು. ಯಾಕೆ ಕೂತೆವು ಅಂತ ಅವರಿಗೂ ತಿಳಿಯಲಿಲ್ಲ.

ಎಣಿಸಿದರೆ ಇಪ್ಪತ್ತೆರಡು ಜನ, ತಾನೂ ಸೇರಿ. ಮರುದಿನ ಬೆಳಿಗ್ಗೆ ಡಯಾಲಿಸಿಸ್ ಇದ್ದ ಮುದುಕ ಮತ್ತು ಅವನ ಹೆಂಡತಿ; ಊರಲ್ಲಿ ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ ಅಂತ ಫೋನು ಬಂದು ಕೈಕಾಲು ಆಡದೆ ಕೂತಿದ್ದ ಗಂಡ; ಬೆಳಿಗ್ಗೆ ಬಂದರು ಬಿಡುವ ಹಡಗಿನ ಅಡುಗೆಯವನು; ಜ್ವರ ಬಂದ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ತಾಯಿ; ಎಂಟೂವರೆಗೆ ನರ್ಸಿಂಗ್ ಪರೀಕ್ಷೆ ಇದ್ದ ಹುಡುಗಿ. ಮಗುವೂ ಸೇರಿ ಏಳು ಸೀಟು ಅಲ್ಲಿಗೆ ಭರ್ತಿ. ಸೂಟಿನಾತನನ್ನು ಎಲ್ಲಿ ಸೇರಿಸುವುದು ಅಂತ ಯೋಚಿಸುವಾಗ ಅವನ ಫೋನು ಬಡಿದುಕೊಂಡಿತು. ಅವನು ಆ ಕಡೆ ತಿರುಗಿ, ಊಟ ಆಯ್ತಾ ಅಮ್ಮ, ಬಿಸಿಲಲ್ಲಿ ತೋಟದ ಕೆಲಸ ಮಾಡಬೇಡ ಅಂದರೆ ಕೇಳಲ್ಲ ಅಂತ ಗದರಿಸತೊಡಗಿದ. ರೈಟಕ್ಕ ಅವನು ಮಾತು ಮುಗಿಸುವವರೆಗೂ ಸಭ್ಯಳಾಗಿ ಕಾದಳು. ಆಮೇಲೆ ಐಸಿಯುನಲ್ಲಿ ತೋಟ ಬೇರೆ ಮಾಡಿದ್ದಾರಾ ಸಾರ್ ಅಂತ ಕೇಳಿ, ಅವನನ್ನು ಇಪ್ಪತ್ತೊಂದಕ್ಕೆ ಬರೆದಳು. ಇಡೀ ಸಾಲು ನಕ್ಕಿತು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಕೌಂಟರಿನ ಹುಡುಗಿಗೆ ಹೋದ ಜೀವ ಬಂದಂತಾಗಿತ್ತು. ಪಟ್ಟಿ ನೋಡಿಕೊಂಡು ಟೈಪಿಸುತ್ತ, ಇಪ್ಪತ್ತೆರಡನೆಯ ಸಾಲಿಗೆ ಬಂದಾಗ ತಲೆಯೆತ್ತಿ, ನಿಮಗೇನೂ ಅರ್ಜೆಂಟಿಲ್ವಾ ಆಂಟಿ ಅಂದಳು.

"ನನಗೆಂಥ ಅರ್ಜೆಂಟಮ್ಮ, ಆರಾಮಾಗಿ ಹೋಗ್ತೀನಿ" ಅಂದಳು ರೈಟಕ್ಕ.

ಮೂವತ್ತೊಂದು ವರ್ಷದ ಅಭ್ಯಾಸ ಅದು, ನಾಲಿಗೆ ತಾನಾಗಿಯೇ ಹೊರಳಿತು. ಅಂಗಡಿ ನೆನಪಿರಲಿಲ್ಲ ಅಂತಲ್ಲ. ತಂಗಿಗೆ ಸಂಜೆ ಹೇಗಾದರೂ ಸಮಾಧಾನ ಹೇಳಿದರಾಯಿತು ಅಂದುಕೊಂಡಳು. ಮದುವೆಯ ದಿನವೂ ಹೀಗೇ ಅಂದುಕೊಂಡಿದ್ದಳು.

ಆದರೆ ತಂಗಿ ಸಂಜೆಯವರೆಗೆ ಕಾಯಲಿಲ್ಲ. ಫೋನು ಬಂತು. ರೈಟಕ್ಕ ಸ್ಪೀಕರಿಗೆ ಹಾಕಿ ಮುಖದೆದುರು ಹಿಡಿದಳು, ಇಪ್ಪತ್ತೊಂದು ಜನ ಕಿವಿ ನೆಟ್ಟಗೆ ಮಾಡಿದರು. ತಂಗಿಯ ದನಿಯಲ್ಲಿ ಹಬ್ಬವೋ ಹಬ್ಬ. ಬಣ್ಣ ಒಣಗಿದೆಯಂತೆ, ಮೇಜು ಬಂದಿವೆಯಂತೆ, ಬೀಗಕ್ಕೆ ಎಣ್ಣೆ ಬಿಟ್ಟು ಇಟ್ಟಿದ್ದಾಳಂತೆ. ಬೀದಿಯವರಿಗೆಲ್ಲ ನಾಳೆ ಒಂಬತ್ತಕ್ಕೆ ನಮ್ಮಕ್ಕನೇ ಬೀಗ ತೆಗೆಯುವುದು ಅಂತ ಹೇಳಿಬಿಟ್ಟಿದ್ದಾಳಂತೆ. ರೈಟಕ್ಕ ವಿಮಾನ ರದ್ದಾದ ಸಂಗತಿ ಹೇಳಿದಳು. ನಾನೇನು ಮಾಡಲಿ, ಸೀಟೇ ಇಲ್ಲ, ನಾಳೆ ನಾಲ್ಕಕ್ಕೆ ಬರ್ತೀನಿ ಅಂದಳು.

ಇಪ್ಪತ್ತೊಂದನೇ ನಂಬರಿನ ಸೂಟಿನಾತ ಇದೇ ಸಮಯಕ್ಕೆ ಕಾಯುತ್ತಿದ್ದ.

"ಮೇಡಂ, ಈಗ ತಾನೇ ಅರ್ಜೆಂಟಿಲ್ಲ ಅಂತ ಹೇಳಿದ್ರಲ್ಲ? ಸುಳ್ಳು ಹೇಳಿದವರು ಕೊನೆಗೆ ಅಂದ್ರೆ ನೀವೂ ನನ್ನ ಪಕ್ಕಾನೇ ಬನ್ನಿ" ಅಂತ ಗಟ್ಟಿಯಾಗಿಯೇ ಹೇಳಿದ.

ಈ ಸಲ ಯಾರೂ ನಗಲಿಲ್ಲ. ಫೋನಿನಿಂದ ತಂಗಿ, "ಅರ್ಜೆಂಟಿಲ್ಲ ಅಂತ ನೀನೇ ಹೇಳಿದ್ಯಾ?" ಅಂದಳು. ಅಲ್ಲ ಕಣೇ, ಅದೇನಾಯಿತು ಅಂದರೆ ಅಂತ ರೈಟಕ್ಕ ಶುರುಮಾಡಿದಳು. ತಂಗಿ "ಆಯ್ತು" ಅಂದು ಫೋನಿಟ್ಟಳು.

ಬೈದಿದ್ದರೆ ಚೆನ್ನಾಗಿತ್ತು. ಆ 'ಆಯ್ತು' ರೈಟಕ್ಕನ ಎದೆಗೆ ಚುಚ್ಚಿತು. ಅವಳು ಹೋಗಿ ಸೂಟಿನಾತನ ಪಕ್ಕದ ಕುರ್ಚಿಯಲ್ಲಿ ಕೂತಳು. ಕಂಡವರಿಗೆಲ್ಲ ಸೀಟು ಹೊಂದಿಸಿಕೊಡುವುದೇ ದೊಡ್ಡತನ ಅಂತ ಇಷ್ಟು ದಿನ ಬೀಗಿದ್ದಳು. ಅದರ ಬೆಲೆಯನ್ನು ಪ್ರತಿಸಲವೂ ತೆತ್ತವಳು ತಂಗಿ ಅಂತ ಈಗ ಹೊಳೆದು, ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ನೆಂಟಳಾಗಿ ಹೋಗಿ ಕೂರುವುದು ಗೊತ್ತೇ ಇರಲಿಲ್ಲ. ಟ್ರಿಪ್ಪು ಅನ್ನುವುದೊಂದು ಒಳ್ಳೆ ನೆಪವಾಗಿತ್ತು.

ಸೂಟಿನಾತ ಕೆಟ್ಟವನೇನಲ್ಲ. ಅವಳ ಕಣ್ಣು ತುಂಬಿದ್ದು ನೋಡಿ ಅವನಿಗೂ ಪಿಚ್ಚೆನಿಸಿತು. "ಒಂದು ಸಲ ಕೇಳಿ ನೋಡಿ ಮೇಡಂ. ಕೇಳಿದ್ರೆ ಗಂಟೇನು ಹೋಗುತ್ತೆ?" ಅಂದ.

ಕೇಳುವುದು! ಸೀಟು ಬಿಡಿ ಅಂತ ಬೇರೆಯವರಿಗಾಗಿ ಸಾವಿರ ಸಲ ಕೇಳಿದ್ದಳು, ಜಗಳವಾಡಿದ್ದಳು. ತನಗೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಎದ್ದು ನಿಂತಳು. ಆ ಬಸ್ ನಿಲ್ದಾಣದ ದನಿ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಪಿಸುಮಾತು.

"ನಾನು ಸುಳ್ಳು ಹೇಳಿದೆ. ನನಗೂ ಅರ್ಜೆಂಟಿದೆ. ನಾಳೆ ನನ್ನ ತಂಗಿ ಅಂಗಡಿ ತೆರೀತಾಳೆ, ನಾನು ಅಲ್ಲಿರ್ಬೇಕು. ಯಾರಾದ್ರೂ ಒಬ್ರು ಸೀಟು ಬಿಟ್ಟುಕೊಡ್ತೀರಾ?"

ಹಡಗಿನ ಅಡುಗೆಯವನು ನೆಲ ನೋಡಿದ. ಮುದುಕನ ಹೆಂಡತಿ ಗಂಡನ ಕೈ ಬಿಗಿಯಾಗಿ ಹಿಡಿದುಕೊಂಡಳು. ಯಾರ ಅರ್ಜೆಂಟೂ ಕಡಿಮೆಯದಾಗಿರಲಿಲ್ಲ, ಪಟ್ಟಿ ಮಾಡಿದವಳೇ ಅವಳಲ್ಲವೆ? ಪರೀಕ್ಷೆಯ ಹುಡುಗಿ ಮಾತ್ರ ಅರ್ಧ ಎದ್ದು, ನೀವೇ ಹೋಗಿ ಆಂಟಿ, ನಾನು ಮುಂದಿನ ವರ್ಷ ಬರೀತೀನಿ ಅಂದಳು. ಅವಳ ಕೈಯಲ್ಲಿ ಹಾಲ್ ಟಿಕೆಟು ಬೆವರಿಗೆ ಒದ್ದೆಯಾಗಿತ್ತು. ರೈಟಕ್ಕ ಅವಳ ಹೆಗಲು ಒತ್ತಿ ಕೂರಿಸಿದಳು. ಬೇಡಮ್ಮ, ಕೇಳಿದ್ದೇ ಸಾಕು ಅಂದಳು. ಬಾಯಿಮಾತಿಗೆ ಅಂದದ್ದಲ್ಲ, ಎದೆಯ ಮೇಲಿನ ಭಾರ ಅಷ್ಟಿಷ್ಟು ಇಳಿದಿತ್ತು.

ಐದರ ವಿಮಾನಕ್ಕೆ ಏಳೂ ಜನರನ್ನು ಬಾಗಿಲವರೆಗೆ ಕಳಿಸಿಬಂದು, ತಾನೇ ತಂಗಿಗೆ ಫೋನು ಮಾಡಿದಳು. ಮೂರನೇ ಸಲಕ್ಕೆ ತಂಗಿ ಎತ್ತಿ, ಏನು ಅಂದಳು.

"ಕೇಳಿದೆ ಕಣೇ."

"ಏನು ಕೇಳಿದೆ?"

"ಸೀಟು. ನನಗೆ ಬೇಕು, ಯಾರಾದ್ರೂ ಬಿಡಿ ಅಂತ ಎಲ್ಲರ ಮುಂದೆ ಕೇಳಿದೆ. ಸಿಗಲಿಲ್ಲ."

ತಂಗಿಗೆ ನಂಬಿಕೆ ಬರಲಿಲ್ಲ. "ನೀನು? ನಿನಗೋಸ್ಕರ ಕೇಳಿದ್ಯಾ?"

"ಹೂಂ. ಅಮ್ಮ ಹೋದ ದಿನಾನೂ ಕೇಳ್ಬೇಕಿತ್ತು. ಡಿಪೋಗೆ ಒಂದು ಮಾತು ಹೇಳಿದ್ರೆ ಬೇರೆ ಕಂಡಕ್ಟರನ್ನ ಕಳಿಸ್ತಿದ್ರು. ನಾನು ಕೇಳಲೇ ಇಲ್ಲ. ನಿನ್ನೊಬ್ಬಳನ್ನೇ ಕೂರಿಸಿಬಿಟ್ಟೆ."

ಸೂಟಿನಾತ ಎದ್ದು ದೂರ ಹೋಗಿ ನಿಂತ. ಫೋನಿನಲ್ಲಿ ತಂಗಿ ಮೂಗು ಒರೆಸಿಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಅವಳು, ಹಾಲಿಗೆ ಹೇಳಿಬಿಟ್ಟಿದ್ದೇನೆ, ಜನರಿಗೂ ಹೇಳಿದ್ದೇನೆ, ಒಂಬತ್ತಕ್ಕೆ ಅಂಗಡಿ ತೆರೆಯಲೇಬೇಕು ಅಂದಳು. ಆಮೇಲೆ, "ಎಷ್ಟೊತ್ತಾದ್ರೂ ಪರವಾಗಿಲ್ಲ, ನೀನು ಬಾ" ಅಂದಳು.

ಮರುದಿನ ವಿಮಾನ ಹೇಳಿದ ಹೊತ್ತಿಗೆ ಹಾರಿತು. ರೈಟಕ್ಕ ಈ ಸಲ ಒಮ್ಮೆಯೂ ಏಳಲಿಲ್ಲ, ತಲೆ ಮಾತ್ರ ಕೂತಲ್ಲಿಂದಲೇ ಎಣಿಸಿದಳು. ಸೂಟಿನಾತನ ಅಮ್ಮನ ಮನೆ ಅದೇ ಊರಿನಲ್ಲಿ. ಇಬ್ಬರೂ ಒಂದೇ ಟ್ಯಾಕ್ಸಿ ಮಾಡಿಕೊಂಡು ಅಂಗಡಿ ಮುಂದೆ ಇಳಿದಾಗ ನಾಲ್ಕು ಗಂಟೆ. ಶಟರು ಮೇಲಿತ್ತು. ಆರೂ ಮೇಜಿನಲ್ಲಿ ಜನ. ತೆರೆದ ಶಟರು ನೋಡಿ ರೈಟಕ್ಕನಿಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಸೂಟಿನಾತ ನಿಂತಲ್ಲೇ ಚಹಾ ಕುಡಿದು, ಐಸಿಯುನಲ್ಲಿರುವ ಅಮ್ಮನಿಗೆ ನಾಲ್ಕು ಬನ್ನು ಕಟ್ಟಿಸಿಕೊಂಡು ಹೊರಟ.

ತಂಗಿ ತಬ್ಬಿಕೊಳ್ಳಲಿಲ್ಲ, ಅತ್ತೂ ಇಲ್ಲ, ಅವಳಿಗೆ ಪುರುಸೊತ್ತಿರಲಿಲ್ಲ. ಒಲೆಯ ಪಕ್ಕದ ಕುರ್ಚಿ ತೋರಿಸಿ ಕೂತ್ಕೋ ಅಂದಳು. ರೈಟಕ್ಕ ಚೀಲ ಇಟ್ಟವಳೇ ಖಾಲಿ ಲೋಟ ಎತ್ತಲು ಹೋದಳು.

"ಕೂತ್ಕೋ ಅಂದ್ನಲ್ಲ."

ರೈಟಕ್ಕ ಕೂತಳು. ತಂಗಿ ತಂದುಕೊಟ್ಟ ಚಹಾವನ್ನು ಕೂತೇ ಕುಡಿದಳು. ಮೊದಲ ಹತ್ತು ನಿಮಿಷ ಕೈಯನ್ನು ಎಲ್ಲಿಡುವುದು ಅಂತ ತೋಚಲಿಲ್ಲ. ಆಮೇಲೆ ತಂಗಿ ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುವುದನ್ನು, ಚಿಲ್ಲರೆ ಕೊಡುವಾಗ ಅಮ್ಮನ ಹಾಗೆಯೇ ಕತ್ತು ಓರೆ ಮಾಡುವುದನ್ನು ನೋಡುತ್ತ ಕೂತಳು. ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ತಂಗಿಯ ಕೆಲಸವನ್ನು ಅವಳು ನೋಡಿದ್ದು ಇದೇ ಮೊದಲು.

ಏಳಕ್ಕೆ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ತಂಗಿ ಬೀಗವನ್ನೂ ಕೀಲಿಯನ್ನೂ ತಂದು ಅವಳ ಕೈಗಿಟ್ಟು, "ತೆರೆಯೋದು ತಪ್ಪಿಸಿಕೊಂಡೆ. ಮುಚ್ಚೋದು ನೀನೇ" ಅಂದಳು.

ರೈಟಕ್ಕ ಒಳಗಿನ ಮೇಜಿನಿಂದ ಶುರುಮಾಡಿ ಬಾಗಿಲವರೆಗೆ ಒಂದೊಂದೇ ಕುರ್ಚಿಯ ಕೆಳಗೆ ಬಗ್ಗಿ ನೋಡುತ್ತ ಬಂದಳು. ಒಂದು ಛತ್ರಿ, ಒಂದು ಪುಟ್ಟ ಕಾಲುಚೀಲ ಸಿಕ್ಕವು. ನಾಳೆ ಕೇಳಿಕೊಂಡು ಬರುತ್ತಾರೆ ಅಂತ ಅವನ್ನು ಗಲ್ಲಾದ ಪಕ್ಕ ಇಟ್ಟು, ದೀಪ ಆರಿಸಿ, ಶಟರು ಎಳೆದು ಬೀಗ ಹಾಕಿದಳು. ತಟ್ಟಲು ಕೈ ಎತ್ತುವಷ್ಟರಲ್ಲಿ ತಂಗಿಯೇ ಶಟರಿಗೆ ಎರಡು ಸಲ ತಟ್ಟಿದಳು.

"ರೈಟ್" ಅಂದಳು ತಂಗಿ. ರೈಟಕ್ಕ ಮುಂದೆ ನಡೆದಳು, ತಂಗಿ ಅವಳ ಚೀಲ ಎತ್ತಿಕೊಂಡು ಹಿಂದೆ ಬಂದಳು.