ಪಟ್ಟಿಯ ನಾಲ್ಕನೆಯವರು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಹೇಳದೆಯೇ ಮುಗಿದುಹೋಗಲಿ ಎಂಬ ಆಸೆಯೂ ಇತ್ತು. ಆಗಲಿಲ್ಲ.

ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಯಾರದೋ ಮನೆ ಮುಂದೆ ಹಳೆಯ ವ್ಯಾನ್ ನಿಲ್ಲಿಸಿ, ಬಾಗಿಲು ತಟ್ಟಿ "ರೈಟ್ ರೈಟ್!" ಎಂದು ಕೂಗುತ್ತಿದ್ದವರು ಅವರು. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರಾಗಿ ನಿವೃತ್ತರಾದ ಗದಗಿನ ಮನುಷ್ಯ. ಕಾರು ಓಡಿಸಲು ಬಾರದ ಹಿರಿಯರನ್ನೆಲ್ಲ ಸಂಘದ ಕಾರ್ಯಕ್ರಮಗಳಿಗೆ ಕರೆತರುವುದು ಅವರ ಕೆಲಸ. ಯಾರೂ ಹೇಳಿರಲಿಲ್ಲ. ಮಕ್ಕಳು 'ಬಸ್ ಅಂಕಲ್' ಎನ್ನುತ್ತಿದ್ದರು. ವ್ಯಾನಿನ ತುಂಬ ಶೇಂಗಾ ಚಟ್ನಿಯ ವಾಸನೆ.

ನಮ್ಮ ಕನ್ನಡ ಸಂಘದ ಚುನಾವಣೆಯಲ್ಲಿ ಮತ ಹಾಕುವುದು ಗುಂಪಿಗೆ, ವ್ಯಕ್ತಿಗಲ್ಲ. ಸಮಿತಿಗೆ ಒಂಬತ್ತು ಜನ. ಗುಂಪಿಗೆ ಬಂದ ಮತದ ಪಾಲಿನಷ್ಟು ಸ್ಥಾನ. ಆ ಗುಂಪಿನ ಪಟ್ಟಿಯಲ್ಲಿ ಮೇಲಿನಿಂದ ಅಷ್ಟು ಜನ ಒಳಗೆ. ನಮ್ಮ ಗುಂಪಿಗೆ ಪ್ರತಿ ಸಲವೂ ಮೂರೇ ಸ್ಥಾನ. ಹಾಲಿ ಸದಸ್ಯರ ಹೆಸರು ಮೇಲಿರಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಾಗಾಗಿ ಒಮ್ಮೆ ಒಳಗೆ ಹೋದವನು ಕುರ್ಚಿ ಬಿಟ್ಟು ಏಳಬೇಕಾಗಿಯೇ ಇಲ್ಲ. ಹನ್ನೆರಡು ವರ್ಷ ನಾನು ಮೂರನೆಯವನು, ಅವರು ನಾಲ್ಕನೆಯವರು.

"ಯಾವಾಗ್ಲೂ ನಾಲ್ಕನೇದೇ ಯಾಕೆ ಅಂಕಲ್?" ಎಂದು ಯಾರಾದರೂ ಕೇಳಿದರೆ, "ಮೂರ ಸೀಟಿನ ಬಸ್ ಐತಿದು. ನಾ ಕಂಡಕ್ಟರ್, ನಿಂತಽ ಬರತೀನಿ" ಎನ್ನುತ್ತಿದ್ದರು. ನನಗಂತೂ, "ಏನ್ ಶ್ರೀಕಂಠಣ್ಣಾ, ಕುರ್ಚಿ ಕೂಡ ಲಗ್ನ ಆಗೇತೇನು?" ಎಂಬ ಕುಟುಕು ತಪ್ಪುತ್ತಿರಲಿಲ್ಲ.

ಲಗ್ನವೇ ಆಗಿತ್ತು. ಹೈಸ್ಕೂಲು ಮುಗಿಸಿ, ಆಬರ್ನ್ ಹಿಲ್ಸ್‌ನ ಗೋದಾಮಿನಲ್ಲಿ ಬಿಡಿಭಾಗ ಜೋಡಿಸಿಟ್ಟು ಬದುಕಿದವನು ನಾನು. ಡಾಕ್ಟರು, ಇಂಜಿನಿಯರುಗಳು ನನ್ನ ಮಾತಿಗೆ ಕಿವಿಗೊಡುತ್ತಿದ್ದುದು ಆ ಕುರ್ಚಿಯಲ್ಲಿದ್ದಾಗ ಮಾತ್ರ.

ಒಂದು ಸಲ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಗುಂಪು ಸೇರಿದಾಗ ಅವರು ಮೊದಲ ಬಾರಿಗೆ ಏನನ್ನೋ ಕೇಳಿದರು. "ಈ ಸಲ ನನ್ನ ಮೂರಕ್ಕ ಹಾಕ್ರಿ. ಕಣ್ಣು ಮಂಜಾಗ್ಯಾವ, ಬರೂ ಚಳಿಗಾಲಕ್ಕ ಗಾಡಿ ಬ್ಯಾಡ ಅಂದಾರ ಡಾಕ್ಟರು. ಈ ಹಿರೇರನ್ನ ಪಾಳಿ ಪ್ರಕಾರ ಕರಕೊಂಡು ಬರೂದು ಕಮಿಟಿ ಕೆಲಸ ಆಗಬೇಕು. ಅಷ್ಟು ಮಾಡಿಸಿ ಇಳಿತೀನಿ."

ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ.

ಪಟ್ಟಿ ಟೈಪ್ ಮಾಡಿ ಕಳಿಸುವುದು ನನ್ನ ಪಾಲಿನ ಕೆಲಸ. ಅವರ ಹೆಸರನ್ನು ಮೂರನೆಯ ಸಾಲಿನಲ್ಲಿ ಹಾಕಿದೆ. ಕೆಳಗೆ ನನ್ನ ಹೆಸರು ಯಾರದೋ ಹೆಸರಿನಂತೆ ಕಂಡಿತು. ಅದಲು ಬದಲು ಮಾಡಿ ಕಳಿಸಿಬಿಟ್ಟೆ. ಕೇಳಿದವರಿಗೆ, "ಹಾಲಿ ಸದಸ್ಯರೇ ಮೇಲಿರ್ಬೇಕಂತೆ, ಚುನಾವಣೆ ನಡೆಸೋರು ಹೇಳಿದ್ರು" ಎಂದೆ. ಯಾರೂ ಹಾಗೆ ಹೇಳಿರಲಿಲ್ಲ. ಆದರೆ ಪದ್ಧತಿಯೇ ಅದಾಗಿದ್ದರಿಂದ ಒಬ್ಬರೂ ಅನುಮಾನಪಡಲಿಲ್ಲ.

ಮೂರೇ ಸ್ಥಾನ ಬಂದವು.

"ಇರ್ಲಿ ಬಿಡ್ರಿ. ನೀವರ ಒಳಗದೀರಲ್ಲ, ನಮ್ಮ ಮಂದಿ ವಿಷಯ ಎತ್ರಿ" ಎಂದರು. "ಖಂಡಿತ" ಎಂದೆ. ಎತ್ತಲಿಲ್ಲ. ಎತ್ತಿದರೆ, ಇದನ್ನು ಮಾಡಬೇಕಾದವರು ಹೊರಗೇಕಿದ್ದಾರೆ ಎಂದು ಯಾರಾದರೂ ಕೇಳುತ್ತಾರೆಂಬ ಅಂಜಿಕೆ. ಆ ಚಳಿಗಾಲ ವ್ಯಾನ್ ನಿಂತಿತು. ಸಂಕ್ರಾಂತಿಗೆ ಮುಂದಿನ ಎರಡು ಸಾಲು ಕುರ್ಚಿ ಖಾಲಿ. "ಅಜ್ಜ ಅಜ್ಜಿಯರೆಲ್ಲ ಇಂಡಿಯಾಕ್ಕೆ ಹೋದ್ರಾ?" ಎಂದು ಯಾರೋ ಕೇಳಿದರು. ಎಲ್ಲರೂ ಇಲ್ಲೇ, ಐದಾರು ಮೈಲಿಯಲ್ಲಿ, ಕಿಟಕಿ ಮುಂದೆ ಕುಳಿತಿದ್ದರು.

ಆಮೇಲೆ ಅವರು ಷಿಕಾಗೋ ಕಡೆ, ಇಟಾಸ್ಕಾದಲ್ಲಿದ್ದ ಮಗಳ ಮನೆ ಸೇರಿದರು. ಎರಡು ವರ್ಷ ಬಿಟ್ಟು, ಹೇಳಿಯೇಬಿಡಬೇಕೆಂದು ಡ್ರೈವ್ ಮಾಡಿಕೊಂಡು ಹೋದೆ. ಮುಖ ಕಾಣದಿದ್ದರೂ ದನಿಯಿಂದಲೇ ಗುರುತು ಹಿಡಿದರು.

"ಏನ್ರೀ, ಇನ್ನೂ ಮೂರನೇ ಸೀಟಿನಾಗ ಅದೀರೋ?"

"ಇದೀನಿ."

"ಭೇಷ್! ನಮ್ಮ ವ್ಯಾನಿನ ಅಂಬುಜಮ್ಮಾರು ಬರತಾರ? ಯಾರು ಕರಕೊಂಡು ಬರತಾರ ಅವ್ರನ್ನ?"

"ಬರ್ತಾರೆ" ಎಂದುಬಿಟ್ಟೆ. ಅವರ ಮುಖ ಅರಳಿತು. ಮಗಳು ಹಾಕಿದ ರೊಟ್ಟಿ ತಿಂದು, ಏನೂ ಹೇಳದೆ ಎದ್ದು ಬಂದೆ.

ಈ ವಸಂತದಲ್ಲಿ ಅವರು ತೀರಿಕೊಂಡರು. ಕುರ್ಚಿಗೆ ರಾಜೀನಾಮೆ ಕಳಿಸಿದ್ದೇನೆ. ಈಗ ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಕ್ಷಮೆ ಕೇಳದೇ ಹೋದ ಆ ಮನುಷ್ಯನ ಹೆಸರು ವಿರೂಪಾಕ್ಷಪ್ಪ ಹೊಸಮನಿ.