ಮಣ್ಣು ಮುಚ್ಚುವ ಹುಲಿಗವ್ವ

ಕೊಪ್ಪಳದ ಗುಡ್ಡಗಳು ಇನ್ನೂ ಕತ್ತಲಲ್ಲಿರುವಾಗಲೇ ಹುಲಿಗವ್ವ ಕಸದ ಗುಂಡಿಯ ಅಂಚಿಗೆ ಬಂದು ನಿಂತಿರುತ್ತಾಳೆ. ಕಚ್ಚೆ ಬಿಗಿದು, ಸೆರಗನ್ನು ತಲೆಗೆ ಸುತ್ತಿ, ಸಲಿಕೆಯ ಕಾವಿಗೆ ಗದ್ದ ಊರಿ ದಾರಿ ನೋಡುತ್ತಾಳೆ. ಮೊದಲ ಗಾಡಿ ಬರುವ ಹೊತ್ತಿಗೆ ಮೂಡಣ ಕೆಂಪಾಗುತ್ತದೆ. ಗಾಡಿಯ ತುಂಬ ಊರಿನ ನಿನ್ನೆಯ ಬದುಕು: ಒಲೆಯ ಬೂದಿ, ಉಂಡೆಸೆದ ಮುತ್ತುಗದ ಎಲೆ, ಸಂತೆಯಲ್ಲಿ ಉಳಿದು ಕೊಳೆತ ಬದನೆಕಾಯಿ, ಟಾಂಗಾ ಕುದುರೆಗಳ ಲದ್ದಿ, ಒಡೆದ ಗಡಿಗೆ.

"ಇನ್ನೊಂದೀಟು ಹಿಂದಕ್ಕ ಹೊಡಿ. ಹಾಂ, ಅಲ್ಲೇ ಸುರುವು," ಅನ್ನುತ್ತಾಳೆ ಗಾಡಿಯವನಿಗೆ.

ಕಸ ಗುಂಡಿಗೆ ಬಿದ್ದ ಮೇಲೆ ಅವಳ ಕೆಲಸ ಶುರು. ಇಳಿದು ಹರಡುತ್ತಾಳೆ, ತುಳಿದು ಗಟ್ಟಿ ಮಾಡುತ್ತಾಳೆ. ಮೇಲೆ ನಿಂತ ಜೊತೆಗೆಲಸದ ಲಾಲಬೀ ಬುಟ್ಟಿ ಬುಟ್ಟಿ ಗರಸು ಮಣ್ಣು ಇಳಿಸಿಕೊಡುತ್ತಾಳೆ. ಒಂದು ಪದರ ಕಸ, ಅದರ ಮೇಲೊಂದು ಪದರ ಮಣ್ಣು. ದಿನಕ್ಕೆ ಎಂಟು ಗಾಡಿ. ಸಂತೆಯ ಮರುದಿನ ಇನ್ನೂ ಹೆಚ್ಚು. ಯುದ್ಧ ಶುರುವಾಗಿ ಕಬ್ಬಿಣ ತುಟ್ಟಿಯಾದಾಗಿನಿಂದ ಕಸದಲ್ಲಿ ತಗಡಿನ ಡಬ್ಬಿ ಕಾಣುವುದಿಲ್ಲ, ಮೊಳೆ ಕಾಣುವುದಿಲ್ಲ. "ಮಂದಿ ಎಲ್ಲಾ ಎತ್ತಿಟಗೊಳ್ಳಾಕ ಕಲ್ತಾರ್ರಿ," ಎಂದು ನಗುತ್ತಾಳೆ.

ಕೊಪ್ಪಳದ ಕಸಕ್ಕೆ ಹೀಗೊಂದು ಠಾವು ಸಿಕ್ಕಿದ್ದು ಈಚೆಗೆ. ಮೊದಲೆಲ್ಲ ಅದು ಊರಾಚೆಯ ಹಳ್ಳದ ದಂಡೆಯಲ್ಲಿ ಬಯಲಿಗೇ ಬಿದ್ದಿರುತ್ತಿತ್ತು. ಮಳೆ ಬಂದರೆ ಹಳ್ಳಕ್ಕೆ ಇಳಿಯುತ್ತಿತ್ತು. ಹುಲಿಗವ್ವನ ಗಂಡ ಬಾಲಪ್ಪ ಆ ಹಳ್ಳದ ಕೆಳಗಿನ ಹೊಲವೊಂದರಲ್ಲಿ ಒಡ್ಡು ಹಾಕುವ ಕೂಲಿಗೆ ಹೋದವನು, ಬಾಯಾರಿ ಅಲ್ಲಿಯ ನೀರನ್ನೇ ಕುಡಿದ. ವಾಂತಿಭೇದಿ ಹಿಡಿಯಿತು. "ಮುಂಜಾನಿ ನಗ್ಕೋತ ಹ್ವಾದಂವ ಮರುದಿನ ಇರಲಿಲ್ರಿ," ಎನ್ನುವಾಗಲೂ ಅವಳ ಕೈ ಮಣ್ಣು ಎಳೆಯುತ್ತಲೇ ಇರುತ್ತದೆ. ಆಮೇಲೆ ಅವಳೇ ಗುದ್ದಲಿ ಹಿಡಿದಳು. ಬಾವಿ, ಒಡ್ಡು, ರಸ್ತೆ ಎಂದು ಮಣ್ಣಿನ ಕೆಲಸ ಎಲ್ಲಿದ್ದರೆ ಅಲ್ಲಿಗೆ ಹೋದಳು.

ಹಾಗಿರುವಾಗ ಒಂದು ದಿನ, ಊರಿನ ಸ್ವಚ್ಛತೆ ನೋಡಿಕೊಳ್ಳುವ ಸಫಾಯಿ ದರೋಗಾ ಸಾಹೇಬರು ಅಳತೆಯ ಸರಪಳಿ ಹಿಡಿಸಿಕೊಂಡು ಹುಣಸಿಹಟ್ಟಿಯ ಆಚೆಗೆ ಬಂದರು. ಹುಲಿಗವ್ವನ ಮನೆ ಇರುವುದು ಆ ಹಟ್ಟಿಯಲ್ಲೇ. ಬೆಳೆ ಬಾರದ ಗರಸು ನೆಲ. ಹಟ್ಟಿಯ ಬಾವಿ ಎತ್ತರದಲ್ಲಿದೆ, ಮಳೆನೀರು ಬಾವಿಯಿಂದ ಆಚೆಗೆ ಹರಿಯುತ್ತದೆ. ಸಾಲಾಗಿ ಗುಂಡಿ ತೋಡಿ, ದಿನಾ ಮಣ್ಣು ಮುಚ್ಚಿ, ತುಂಬಿದ್ದನ್ನು ಪೂರ್ತಿ ಮುಚ್ಚಿ ಮುಂದಿನದಕ್ಕೆ ಹೋಗುವುದು ಅವರ ಯೋಜನೆ. ಗುಂಡಿಗಳ ಜಾಗಕ್ಕೆ ಗೂಟ ಹೊಡೆಸಿದರು. ಮರುದಿನ ಮುಂಜಾನೆಗೆ ಹಟ್ಟಿಯವರು ಅಷ್ಟೂ ಗೂಟ ಕಿತ್ತು ಹಾಕಿದ್ದರು.

ಸಾಹೇಬರು ಸಿಟ್ಟು ಮಾಡಲಿಲ್ಲ. ಬಂದು ಹುಣಸೆಮರದ ಕೆಳಗೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದರು. ಹಟ್ಟಿಯ ಹಿರಿಯ ಕರಿಬಸಪ್ಪ ಕೊನೆಯವರೆಗೂ ಕೇಳಿ, "ನಿಮ್ಮ ಲೆಕ್ಕ ಖರೆ ಇರ್ಬೋದು ಸಾಹೇಬ್ರ. ದಿನಾ ಮಣ್ಣು ಹಾಕೋರು ಯಾರು? ಇವತ್ತು ನೀವದೀರಿ, ನಾಳಿ ನಿಮಗ ವರ್ಗ ಆಕ್ಕೈತಿ. ನಾವು ಇಲ್ಲೇ ಇರಬೇಕು," ಎಂದ.

ಆಗ ಹೆಂಗಸರ ನಡುವಿನಿಂದ ಹುಲಿಗವ್ವ ಎದ್ದು ನಿಂತಳು.

"ಆ ಕೆಲಸ ನನಗ ಕೊಡ್ರಿ. ನಾನೂ ಇದ ಬಾವಿ ನೀರು ಕುಡಿಯಾಕಿ. ಒಂದು ದಿನ ಕಸ ತೆರಕೊಂಡು ಬಿತ್ತಂದ್ರ, ಗಾಡಿ ನಾನ ತರುಬಿ ನಿಲ್ಲಸ್ತೀನಿ."

ಗೂಟಗಳು ಮತ್ತೆ ನೆಲಕ್ಕಿಳಿದವು. ಹುಲಿಗವ್ವನಿಗೆ ಮಾತ್ರ ಅದು ಸುಖದ ಕಾಲವಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಮಾತು ಬಿಟ್ಟರು. "ಊರ ಹೊಲಸು ತಂದು ಮನಿ ಮುಂದ ಹಾಕಿದಾಕಿ" ಎಂದು ಕೇಳುವಂತೆಯೇ ಆಡಿಕೊಂಡರು. ಕರಿಬಸಪ್ಪ ದಿನಾ ಸಂಜೆ ಗುಂಡಿಯ ಕಡೆ ಬರುತ್ತಿದ್ದ. ಬಗ್ಗಿ ನೋಡಿ ಹೋಗುತ್ತಿದ್ದ. ಇವಳು ತಪ್ಪುವುದನ್ನೇ ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು.

ಆ ದಿನವೂ ಬಂತು. ಯುದ್ಧದ ಎರಡನೆಯ ವರ್ಷ, ಗುಂಡಿ ತೋಡುವವರು ದೂರದ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಇದ್ದ ಗುಂಡಿ ತುಂಬಿತ್ತು, ಮುಂದಿನದು ತೋಡಿರಲಿಲ್ಲ. ದರೋಗಾ ಸಾಹೇಬರು ಗಂಗಾವತಿಗೆ ಹೋಗಿದ್ದರು. ಗಾಡಿಗಳ ಜಮಾದಾರ, ನಾಕು ದಿನ ಗುಂಡಿಯ ದಂಡೆಯ ಮೇಲೇ ಸುರುವಲಿ ಎಂದ. ಹುಲಿಗವ್ವ ಬುಟ್ಟಿಯನ್ನು ದಾರಿಯ ನಡುವೆ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು. ಲಾಲಬೀ ಬಂದು ಪಕ್ಕದಲ್ಲಿ ಕುಳಿತಳು. ಗಾಡಿಗಳು ಒಂದರ ಹಿಂದೊಂದು ಬಂದು ನಿಂತವು.

"ನೌಕರಿ ಹೊಕ್ಕೈತಿ ನೋಡು," ಎಂದ ಜಮಾದಾರ.

"ಹೋಗ್ಲಿ ತಗೋರಿ. ಕಸ ಬಯಲಿಗೆ ಬೀಳಂಗಿಲ್ಲ."

ಅಷ್ಟರಲ್ಲಿ ಕರಿಬಸಪ್ಪ ಬಂದ. ಗಾಡಿಗಳನ್ನು ನೋಡಿದ, ತುಂಬಿದ ಗುಂಡಿಯನ್ನು ನೋಡಿದ, ಹಟ್ಟಿಗೆ ತಿರುಗಿ ನಡೆದ. ಬಡಿಗೆ ಹಿಡಿದ ಗಂಡಸರನ್ನು ಕರೆತರಲು ಹೋದ ಎಂದುಕೊಂಡಳು ಹುಲಿಗವ್ವ. "ಅವತ್ತು ನಾ ಹೆದರಿದ್ದು ಜಮಾದಾರಗಲ್ರಿ, ನಮ್ಮವರಿಗೆ," ಎನ್ನುತ್ತಾಳೆ ಈಗ.

ಗಂಡಸರು ಬಂದದ್ದು ನಿಜ. ಅವರ ಹೆಗಲ ಮೇಲೆ ಹಾರೆ, ಗುದ್ದಲಿ ಇದ್ದವು. ಕರಿಬಸಪ್ಪ ಅವಳ ಎದುರು ನಿಂತು, "ಏಳವ್ವಾ. ಎಲ್ಲಿ ತೋಡೂದೈತಿ ತೋರ್ಸು," ಎಂದ.

ಅವಳು ಎದ್ದು ಮುಂದಿನ ಸಾಲಿನ ಗೂಟಗಳನ್ನು ತೋರಿಸಿದಳು. ಬಾವಿಯಲ್ಲಿ ಮಾತು ಬಿಟ್ಟಿದ್ದ ಹೆಂಗಸರೇ ಮಣ್ಣಿನ ಬುಟ್ಟಿ ಹೊತ್ತರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮೊದಲ ಗಾಡಿ ಸುರುವುವಷ್ಟು ಗುಂಡಿ ಆಗಿತ್ತು. ಸಾಹೇಬರು ಗಂಗಾವತಿಯಿಂದ ಬಂದು ಅಳೆದು ನೋಡಿದರು. ಜಮಾದಾರನನ್ನು ಅವಳೆದುರೇ ಕರೆದು, "ಇನ್ನ ಮ್ಯಾಲ ಗುಂಡಿ ಇಲ್ಲಾ ಅಂದ್ರ ಗಾಡಿ ಹೂಡಬ್ಯಾಡ," ಎಂದರು. ಆಮೇಲಿನ ಗುಂಡಿಗಳನ್ನೆಲ್ಲ ಹುಣಸಿಹಟ್ಟಿಯವರೇ ಕೂಲಿ ಪಡೆದು ತೋಡುತ್ತಾರೆ. ಕರಿಬಸಪ್ಪ ಈಗಲೂ ಸಂಜೆ ಬಗ್ಗಿ ನೋಡುತ್ತಾನೆ. ಎಲ್ಲಾದರೂ ಮಣ್ಣು ತೆಳುವಾಗಿದ್ದರೆ ತಾನೇ ಎರಡು ಬುಟ್ಟಿ ಹಾಕಿ ಹೋಗುತ್ತಾನೆ.

ತುಂಬಿ ಮುಚ್ಚಿದ ಹಳೆಯ ಗುಂಡಿಗಳ ಮೇಲೆ ಇಂದು ಹುಲ್ಲು ಎದ್ದಿದೆ, ತಂಗಡಿ ಗಿಡ ಹೂಬಿಟ್ಟಿದೆ. ಕುರಿಗಳು ಮೇಯುತ್ತವೆ. ಎಂಟನೆಯ ಗಾಡಿ ಹೋದ ಮೇಲೆ ಹುಲಿಗವ್ವ ಸಲಿಕೆ ತೊಳೆದು, ರೊಟ್ಟಿಯ ಗಂಟು ಬಿಚ್ಚಿ ಕೂರುತ್ತಾಳೆ. ಏನು ಬೇಕು ನಿನಗೆ ಎಂದರೆ ಒಂದು ಹೊಸ ಸಲಿಕೆ ಅನ್ನುತ್ತಾಳೆ. ಕೇಳದೆಯೇ ಇನ್ನೊಂದು ಮಾತು ಹೇಳುತ್ತಾಳೆ.

"ಮೊನ್ನೆ ಬೇವೂರಿಂದ ಹೆಣ್ಣಿನ ಕಡಿಯವರು ಬಂದಿದ್ರು, ನಮ್ಮ ಹಟ್ಟಿ ಹುಡುಗನ್ನ ನೋಡಾಕ. ಇಲ್ಲೇ ಹುಲ್ಲಿನ ಮ್ಯಾಲ ಕುಂತು ಬುತ್ತಿ ಬಿಚ್ಚಿದ್ರು. ಅವರಾಗಿನ ಹಿರೇಮನಿಷ್ಯಾ, ಕೊಪ್ಪಳದ ಕಸದ ಗುಂಡಿ ನಿಮ್ಮ ಕಡೀನ ಐತಂತಲ್ಲ, ಎಲ್ಲೈತಬೇ ಅಂದ. ಅದರ ಮ್ಯಾಲ ಕುಂತೀರಲ್ರಿ ಅಂದೆ." ರೊಟ್ಟಿ ಮುರಿಯುತ್ತಾಳೆ. "ಯಾರೂ ಏಳಲಿಲ್ರಿ."