ಕಡೂರಿನ ದುರ್ಗಮ್ಮ ಮತ್ತು ಕುರಿಯವರ ಸ್ಟೀಲ್ ಬಾಟಲಿ

ಬೆಳಗಿನ ಐದೂವರೆ. ಕಡೂರಿನ ಆ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಮನೆಯ ಮುಂದಿನ ಜಗಲಿಯ ಮೇಲೆ ಹಳೆಯ ಪೇಪರು ಹಾಸಿದೆ. ಅದರ ಮೇಲೆ ನಲವತ್ತು ಸ್ಟೀಲ್ ಬಾಟಲಿಗಳು ನೀರು ತುಂಬಿಕೊಂಡು ತಲೆಕೆಳಗಾಗಿ ನಿಂತಿವೆ. ದುರ್ಗಮ್ಮ ಒಂದೊಂದನ್ನೇ ಎತ್ತುತ್ತಾರೆ, ಅದರಡಿಯ ಪೇಪರನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಒಣಗಿದ್ದರೆ ಬಾಟಲಿ ಎಡಕ್ಕೆ. ಕಾಸಗಲ ಒದ್ದೆಯಾಗಿದ್ದರೂ ಬಲಕ್ಕೆ. ರಾತ್ರಿಯಿಡೀ ಹೀಗೆ ನಿಂತು ಒಂದು ಹನಿಯನ್ನೂ ಬಿಡದ ಬಾಟಲಿ ಮಾತ್ರ ಅವರ ಚೀಲ ಸೇರುತ್ತದೆ.

“ಎಂಟು ಹೋದ್ವು,” ಎನ್ನುತ್ತಾರೆ.

ಒಳಗೆ ಒಲೆಯ ಮುಂದೆ ಟೀ ಕಾಯಿಸುತ್ತಿರುವ ಗಂಡ ರಾಮಯ್ಯನವರಿಗೆ ಅದು ಕೇಳಿಸುತ್ತದೆ. “ಮದ್ವೆಗೆ ಮುಂಚೆ ನನ್ನೂ ಹಿಂಗೇ ತಲೆಕೆಳಗಾಗಿ ನಿಲ್ಸಿ ನೋಡಿದ್ದೇನೇ?”

“ನೋಡಿದ್ರೆ ಬಲಕ್ಕಿಟ್ಟಿರ್ತಿದ್ದೆ,” ದುರ್ಗಮ್ಮ ತಲೆಯೆತ್ತದೆ ಹೇಳುತ್ತಾರೆ. ಒಳಗಿನಿಂದ ನಗು, ಜೊತೆಗೆ ಟೀ.

ಇಂದು ಉಳಿದ ಮೂವತ್ತೆರಡು ಬಾಟಲಿ ಯಗಟಿಗೆ ಹೋಗಬೇಕು. ಅಲ್ಲಿನ ಮೂವತ್ತೆರಡು ಮನೆಯ ಕುರಿಗಾರರು ಇನ್ನೊಂದು ವಾರಕ್ಕೆ ಮಂದೆ ಹೊಡೆದುಕೊಂಡು ಹೊರಡುತ್ತಾರೆ. ತರೀಕೆರೆ ದಾಟಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತ ಹೋದರೆ ಮರಳುವುದು ಮುಂಗಾರಿಗೆ. ಅಷ್ಟು ದಿನ ಜೊತೆಗಿರುವ ಬಾಟಲಿಯನ್ನು ದುರ್ಗಮ್ಮನ ಹತ್ತಿರ ಕೊಳ್ಳಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗಬೇಕು. ಹೋದ ವರ್ಷ ಇದೇ ಜನರಿಗೆ ಕೊಟ್ಟ ಬಾಟಲಿಗಳನ್ನು ದುರ್ಗಮ್ಮ ತಮ್ಮ ಕೈಯಾರೆ ಕೆಡಿಸಿದ್ದರು. ಇವತ್ತು ಅವರು ಬೇಡ ಅಂದರೆ ಯಗಟಿಯ ಕಡೆ ಮತ್ತೆ ಮುಖ ತೋರಿಸುವುದು ಕಷ್ಟ.

“ಬಾಟ್ಲಿ ವಾಪಸ್ ಬಂದ್ರೆ ತರೀಕೆರೆ ಅಂಗಡಿಯೋರು ತಗೋತಾರೆ,” ಎಂದು ಚೀಲದ ಬಾಯಿ ಕಟ್ಟುತ್ತ, ಜೊತೆಗೆ ಹೊರಟ ನನಗೆ ಹೇಳುತ್ತಾರೆ. “ಮಾತು ವಾಪಸ್ ಬಂದ್ರೆ ಯಾರು ತಗೋತಾರಮ್ಮ?”

ದುರ್ಗಮ್ಮನವರಿಗೆ ಐವತ್ನಾಲ್ಕು. ಹುಟ್ಟಿದ್ದು ಹಿರೇನಲ್ಲೂರಿನ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಕಡೂರಿಗೆ ಬಂದ ಮೇಲೆ ಒಂದು ಪಾತ್ರೆ ಅಂಗಡಿಯಲ್ಲಿ ಕಸ ಗುಡಿಸಲು, ಪಾತ್ರೆ ಒರೆಸಲು ಸೇರಿಕೊಂಡರು. ಅಂಗಡಿಯ ಮೂಲೆಯಲ್ಲಿ ಒಬ್ಬ ಮುದುಕರು ಉಳಿ, ಸುತ್ತಿಗೆ ಹಿಡಿದು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದರು. ಅವರ ಕಣ್ಣು ಮಂಜಾದಾಗ, ಚೀಟಿಯಲ್ಲಿ ಬರೆದದ್ದನ್ನು ನೋಡಿ ಹಾಗೇ ಪಾತ್ರೆಯ ಮೇಲೆ ಇಳಿಸುವ ಕೆಲಸ ದುರ್ಗಮ್ಮನ ಕೈಗೆ ಬಂತು. ಓದಲು ಬಾರದ ಹೆಂಗಸು ಮೂರು ವರ್ಷ ಅಕ್ಷರಗಳ ಚಿತ್ರ ಬಿಡಿಸಿದರು. ಒಂದು ದಿನ ಬಸ್ಸಿನ ಬೋರ್ಡು ನೋಡಿದಾಗ ಅದು ತಾನಾಗಿ ಓದಿಸಿಕೊಂಡಿತಂತೆ.

“ಮೊದ್ಲು ಕಲ್ತಿದ್ದು ‘ಬ’. ಈ ಸೀಮೇಲಿ ಬಸವರಾಜಪ್ಪ, ಬಸಮ್ಮ, ಬೀರಪ್ಪ, ಬೀರಮ್ಮ. ಅರ್ಧ ಊರು ‘ಬ’ದಲ್ಲೇ ಮುಗಿದೋಗುತ್ತೆ. ‘ಋ’ ಬಂದಿದ್ದು ಹನ್ನೊಂದು ವರ್ಷ ಆದ್ಮೇಲೆ, ಒಬ್ರು ಮೇಷ್ಟ್ರ ಮದ್ವೆ ಬಿಂದಿಗೇಲಿ. ಅವತ್ತು ನೆಲದ ಮೇಲೆ ಹತ್ತು ಸಲ ಗೀಚಿ ನೋಡಿ ಉಳಿ ಇಟ್ಟೆ.”

ಹದಿನಾರು ವರ್ಷದಿಂದ ಸ್ವಂತ ವ್ಯಾಪಾರ. ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲಿ ಓಡಾಟ: ಯಗಟಿ, ಹಿರೇನಲ್ಲೂರು, ಅಜ್ಜಂಪುರ, ಕೆಲವೊಮ್ಮೆ ಅಂತರಘಟ್ಟೆ. ಹೆಗಲಿಗೆ ಒಂದು ಚೀಲ, ತಲೆಯ ಮೇಲೆ ಇನ್ನೊಂದು. ಈಚೆಗೆ ಕುತ್ತಿಗೆ ನೋವು, ಹಾಗಾಗಿ ತಲೆಯ ಮೇಲಿನದು ಹಗುರ. ಮೊದಲು ತಟ್ಟೆ, ಲೋಟ, ಬೋಸಿ ಎಲ್ಲ ಇದ್ದವು. ಈಗ ಹೆಚ್ಚು ಹೋಗುವುದು ಬಾಟಲಿ. ಹೊಲಕ್ಕೆ ಹೋಗುವವರು, ಕಲ್ಲು ಒಡೆಯುವವರು, ಕಂಬ ಹತ್ತುವವರು, ಕುರಿ ಮೇಯಿಸುವವರು ಕೇಳುವುದು ಒಂದೇ: “ದುರ್ಗಕ್ಕ, ಬಾಳಿಕೆ ಬರೋದು ಯಾವ್ದು?”

ಅದಕ್ಕೆ ಉತ್ತರ ಕೊಡುವ ಮೊದಲು ದುರ್ಗಮ್ಮ ಬಾಟಲಿಯನ್ನು ಪಡಬಾರದ ಪಾಡು ಪಡಿಸುತ್ತಾರೆ. ಮೊದಲು ಹುಣಸೆಹಣ್ಣು, ಉಪ್ಪು ಕಲಸಿದ ನೀರು ತುಂಬಿ ಎರಡು ದಿನ ಇಡುತ್ತಾರೆ. ಒಳಗಿನ ಬೆಸುಗೆಯ ಗೆರೆಯಲ್ಲಿ ಕಂದು ಚುಕ್ಕೆ ಕಂಡರೆ ಆ ಬಗೆಯ ಬಾಟಲಿಯನ್ನೇ ತರುವುದಿಲ್ಲ. ಮುಚ್ಚಳದ ರಬ್ಬರ್ ವಾಷರನ್ನು ಬಿಚ್ಚಿ ಮೂಸುತ್ತಾರೆ. ಟೈರಿನ ವಾಸನೆ ಬಂದರೆ ಬೇಡ. ಬಿಡಿ ವಾಷರು ಸಿಗದ ಬಾಟಲಿಯೂ ಬೇಡ, ಏಕೆಂದರೆ ವರ್ಷದೊಳಗೆ ಮೊದಲು ಸಾಯುವುದು ವಾಷರೇ. ಬಾಯಿ ಎಷ್ಟು ಅಗಲವಿರಬೇಕು ಎಂಬುದಕ್ಕೆ ಅವರ ಹತ್ತಿರ ಒಂದೇ ಅಳತೆ: “ನನ್ನ ಕೈ ಒಳೀಕ್ ಹೋಗ್ಬೇಕು. ನಮ್ಮೋರು ಬೆಳಿಗ್ಗೆ ಮಜ್ಜಿಗೆ ತುಂಬ್ಕೊಂಡು ಹೋಗ್ತಾರೆ. ಮಧ್ಯಾಹ್ನಕ್ಕೆ ಅದು ಒಳಗೇ ಹುಳಿ ಬಂದು ಮುಚ್ಚಳ ಹಿಡ್ಕೊಂಬಿಡುತ್ತೆ. ಕೈ ಹಾಕಿ ತಿಕ್ಕದಿದ್ರೆ ಆ ವಾಸ್ನೆ ಜನ್ಮಕ್ಕೆ ಹೋಗಲ್ಲ.”

ಅಯಸ್ಕಾಂತ ಹಿಡಿದು, ಅಂಟದಿದ್ದರೆ ಒಳ್ಳೆಯ ಸ್ಟೀಲು, ಅಂಟಿದರೆ ಕೆಟ್ಟ ಸ್ಟೀಲು ಎಂದು ತೋರಿಸುವವರ ಬಗ್ಗೆ ಕೇಳಿದರೆ ಕೈಯಾಡಿಸಿಬಿಡುತ್ತಾರೆ. “ಅದು ಹಿಡೀದಿದ್ರೂ ತುಕ್ಕು ಹಿಡಿದಿರೋದು ನೋಡಿದೀನಿ. ಹುಣಸೆಹುಳಿ ಮೋಸ ಮಾಡಲ್ಲ ಕಣಮ್ಮ.”

ಇಷ್ಟೆಲ್ಲ ನೋಡುವವರು ಹೋದ ವರ್ಷ ಎಡವಿದ್ದು ಹೇಗೆ? ಯಗಟಿಯ ಹದಿನೆಂಟು ಜನ ಆಗ ಜೋಡಿ ತಗಡಿನ ಬಾಟಲಿ ಬೇಕೆಂದರು. ಒಳಗೊಂದು ಗೋಡೆ, ಹೊರಗೊಂದು ಗೋಡೆ, ನಡುವೆ ಗಾಳಿ ತೆಗೆದ ಜಾಗ. ತಣ್ಣನೆಯದು ತಣ್ಣಗೆ, ಬಿಸಿಯದು ಬಿಸಿಯಾಗಿ ಉಳಿಯುವ ಬಾಟಲಿ. ದುರ್ಗಮ್ಮ ಚೆನ್ನಾಗಿರುವುದನ್ನೇ ಆರಿಸಿ ತಂದರು. ಬಾಟಲಿ ಅದಲು ಬದಲು ಆಗಬಾರದಲ್ಲ, ಹಾಗಾಗಿ ಹೆಸರು ಹಾಕಿಕೊಡು ಎಂದು ಕುರಿಗಾರರೇ ಕೇಳಿದರು. ಮೂವತ್ತು ವರ್ಷದ ಅಭ್ಯಾಸ. ಬಿಂದಿಗೆಯ ಅಡಿಗೆ ಹಾಕುವ ಹಾಗೆ, ಬಾಟಲಿಯ ಅಡಿಗೆ ಉಳಿಯಿಟ್ಟು ಹದಿನೆಂಟು ಹೆಸರು ಕೆತ್ತಿದರು.

ಗಾಳಿ ಹೀರಿ ಮುಚ್ಚಿದ ಪುಟ್ಟ ಬೊಟ್ಟು ಇದ್ದದ್ದು ಆ ಅಡಿಯಲ್ಲೇ.

“ಉಳಿ ಏಟಿಗೆ ಗಾಳಿ ಒಳೀಕ್ ಹೋಗ್ಬಿಡ್ತು. ಹೆಸ್ರೇನೋ ಮುತ್ತಿನಂಗಿತ್ತು. ನೀರು ಮಾತ್ರ ಹತ್ತು ಗಂಟೆಗೇ ಸ್ನಾನದ ನೀರು,” ಎಂದು ದುರ್ಗಮ್ಮ ತಾವೇ ನಗುತ್ತಾರೆ. ಅಂದು ನಗು ಬಂದಿರಲಿಲ್ಲ. ತಪ್ಪು ತಯಾರಿಸಿದವರದಲ್ಲ, ತನ್ನದು ಎಂದು ಗೊತ್ತಾದ ದಿನವೇ ಬಸ್ಸು ಹತ್ತಿ ಮಂದೆಗಳನ್ನು ಹುಡುಕಿಕೊಂಡು ಹೋದರು. ಲಿಂಗದಹಳ್ಳಿಯ ಕಡೆ ಇಬ್ಬರು, ತರೀಕೆರೆಯ ಆಚೆ ಐವರು, ಹೀಗೆ ಒಂಬತ್ತು ದಿನ ಅಲೆದು ಹದಿನೆಂಟನ್ನೂ ವಾಪಸು ಪಡೆದರು. ಅವು ಇವತ್ತೂ ಮನೆಯ ಅಟ್ಟದ ಮೇಲಿವೆ. ಒಂದರಲ್ಲಿ ರಾಮಯ್ಯ ಅವರೆಬೀಜ ತುಂಬಿಟ್ಟಿದ್ದಾರೆ.

ಈ ಸಲ ಬಾಟಲಿ ಆರಿಸುವ ಮುಂಚೆ ದುರ್ಗಮ್ಮ ಬೇರೆ ಕೆಲಸ ಮಾಡಿದರು. ಯಗಟಿಯ ಹಿರಿಯ ಕುರಿಗಾರ ಚಿಕ್ಕಬೀರಪ್ಪನವರ ಮಂದೆಯ ಹಿಂದೆ ಒಂದು ಇಡೀ ದಿನ ನಡೆದರು. ಬಾಟಲಿಯ ಬದುಕು ಹೇಗಿರುತ್ತದೆ ಎಂದು ನೋಡುವುದಕ್ಕೆ.

“ಬಾಟ್ಲಿ ನೀರು ಕುಡಿಯಕ್ಕೆ ಅಂತ ಯಾರಮ್ಮ ಹೇಳಿದ್ದು? ಅಲ್ಲಿ ಅದು ಗೂಟ ಹೊಡಿಯೋ ಸುತ್ತಿಗೆ. ಮಲಗಿದ್ರೆ ತಲೆದಿಂಬು. ಮುಚ್ಚಳದಲ್ಲಿ ಮರೀಗೆ ನೀರು. ದೊಣ್ಣೆ ತುದೀಲಿ ನೇತಾಕ್ಕೊಂಡು ಹೋದ್ರೆ ಸಿಕ್ಕಿದ ಬಂಡೆಗೆಲ್ಲ ಡಣ್ ಅಂತ ಬಡೀತದೆ. ಇವರು ನೀರು ಕುಡಿಯೋದು ಎಲ್ಲಾ ಆದ್ಮೇಲೆ.”

ಅಂದೇ ನಿರ್ಧಾರವಾಯಿತು. ಒಂಟಿ ತಗಡಿನ, ದಪ್ಪ ಮೈಯ, ಬಣ್ಣ ಬಳಿಯದ, ಲೀಟರ್ ಹಿಡಿಸುವ ಬಾಟಲಿ. ಮುಚ್ಚಳದ ಕೊಂಡಿಯೂ ಸ್ಟೀಲಿನದೇ. ಗಾಳಿ ನುಗ್ಗಲು ಅದರಲ್ಲಿ ಎರಡು ಗೋಡೆಯ ನಡುವಿನ ಜಾಗವೇ ಇಲ್ಲ, ಬಿದ್ದರೆ ನೆಗ್ಗುತ್ತದೆ, ಅಷ್ಟೇ. ಒಂದೇ ಕೊರತೆ. ಬಿಸಿಲಿಗೆ ನೀರು ಕಾಯುತ್ತದೆ. ಇದನ್ನು ಹೇಳಿಕೊಂಡಾಗ ಚಿಕ್ಕಬೀರಪ್ಪನವರ ಹೆಂಡತಿ ಕೆಂಚಮ್ಮ ನಕ್ಕುಬಿಟ್ಟರಂತೆ. “ಮಡಕೆಗೆ ಒದ್ದೆ ಬಟ್ಟೆ ಸುತ್ತಲ್ವೇನೇ? ಇದಕ್ಕೂ ಒಂದು ಅಂಗಿ ಹೊಲಿ.” ಹರಿದ ಕಂಬಳಿಯ ತುಂಡು, ದಬ್ಬಳ, ನೂಲು ತೆಗೆದುಕೊಂಡು ಅಲ್ಲೇ ಕೂತು ಹೊಲಿದೂಬಿಟ್ಟರು. ಕಂಬಳಿಯನ್ನು ನೆನೆಸಿ ಗಾಳಿಗೆ ನೇತುಹಾಕಿದರೆ ಒಳಗಿನ ನೀರು ತಂಪು.

ಆ ತಂಪು ಸಾಕೇ ಎಂದು ನೋಡುವುದಕ್ಕೇ ಇವತ್ತಿನ ಪರೀಕ್ಷೆ. ಯಗಟಿ ಬಸ್ಸಿಳಿದು, ಎಂಟು ಗಂಟೆಗೆ ಊರ ಹೊರಗಿನ ಹುಣಸೆಮರದ ಕೊಂಬೆಗೆ, ಫ್ರಿಜ್ಜಿನ ಒಂದೇ ತಣ್ಣೀರು ತುಂಬಿದ ಎರಡು ಬಾಟಲಿ ಕಟ್ಟುತ್ತಾರೆ. ಒಂದು ದುರ್ಗಮ್ಮನ ಕಂಬಳಿ ಅಂಗಿಯದು. ಇನ್ನೊಂದು ವಿಜಯ್ ಎಂಬ ಕುರಿಗಾರನದು. ಇಪ್ಪತ್ತೆಂಟರ ವಿಜಯ್ ಮೊಬೈಲಿನಲ್ಲಿ ಆರ್ಡರ್ ಮಾಡಿ ಹೊಳೆಯುವ ನೀಲಿ ಬಣ್ಣದ ಜೋಡಿ ತಗಡಿನ ಬಾಟಲಿ ತರಿಸಿದ್ದಾನೆ. ಎಲ್ಲರೂ ಅದನ್ನೇ ತರಿಸೋಣ ಎನ್ನುವುದು ಅವನ ವಾದ.

“ನಾಲ್ಕೂವರೆ ಸ್ಟಾರ್ ಐತೆ ದೊಡ್ಡಪ್ಪ ಇದಕ್ಕೆ.”

“ಸ್ಟಾರು ದಿನಾ ಮಲ್ಕೊಂಡೇ ನೋಡ್ತೀವಲ್ಲೋ, ನೀರು ತೋರ್ಸು,” ಎನ್ನುತ್ತಾರೆ ಚಿಕ್ಕಬೀರಪ್ಪ.

ಹನ್ನೆರಡೂವರೆಗೆ ಬಿಸಿಲು ನೆತ್ತಿಗೆ ಬಂದಿದೆ. ಮರದಡಿ ಇಪ್ಪತ್ತೈದಕ್ಕೂ ಹೆಚ್ಚು ಜನ. ಕೆಂಚಮ್ಮ ಎರಡನ್ನೂ ಬಿಚ್ಚಿ ಲೋಟಗಳಿಗೆ ಸುರಿಯುತ್ತಾರೆ. ಒಬ್ಬೊಬ್ಬರೇ ಕುಡಿದು ನೋಡುತ್ತಾರೆ. ದುರ್ಗಮ್ಮನ ಮುಖ ನೋಡುತ್ತಾರೆ. ಕೊನೆಗೆ ಲೋಟ ದುರ್ಗಮ್ಮನ ಕೈಗೆ ಬರುತ್ತದೆ. ಇದನ್ನು ಒಂದು ಗುಟುಕು, ಅದನ್ನು ಒಂದು ಗುಟುಕು.

“ವಿಜೀದೇ ತಣ್ಣಗೈತೆ,” ಎನ್ನುತ್ತಾರೆ. “ಸುಳ್ಳು ಯಾಕೆ ಹೇಳ್ಲಿ. ನಂದು ಬಾವಿ ನೀರಿನಷ್ಟು ತಂಪು. ಅವಂದು ಐಸ್ ಇಟ್ಟಂಗೈತೆ.”

ವಿಜಯ್ ಕಾಲರ್ ಸರಿಮಾಡಿಕೊಳ್ಳುತ್ತಾನೆ. ಚಿಕ್ಕಬೀರಪ್ಪ ಎದ್ದು, ನೀಲಿ ಬಾಟಲಿಯನ್ನು ಕೈಯಲ್ಲಿ ಹಿಡಿದು ರಾತ್ರಿ ಕುರಿ ಕೂಡುವ ಹಟ್ಟಿಯ ಬಲೆಯ ಕಡೆ ನಡೆಯುತ್ತಾರೆ. ಅಲ್ಲಿ ಸಡಿಲವಾದ ಒಂದು ಗೂಟವಿದೆ. ಅವರು ಕೂತು, ಬಾಟಲಿಯನ್ನು ಮೇಲೆತ್ತಿದ್ದೇ ತಡ, ವಿಜಯ್ ಎದ್ದು ಓಡುತ್ತಾನೆ.

“ಅಯ್ಯೋ ದೊಡ್ಡಪ್ಪ, ಅದ್ರಲ್ಲಿ ಬ್ಯಾಡ! ಅದ್ರಲ್ಲಿ ಬ್ಯಾಡ ಕಣಪ್ಪ!”

ಚಿಕ್ಕಬೀರಪ್ಪ ಕೈಯನ್ನು ಅಲ್ಲೇ ನಿಲ್ಲಿಸಿ ನೋಡುತ್ತಾರೆ. “ಮತ್ತೆ ಮಂದೆ ಮ್ಯಾಲೆ ಐದು ತಿಂಗ್ಳು ಇದನ್ನ ನಾನು ಕಾಯ್ಬೇಕೋ, ಕುರಿ ಕಾಯ್ಬೇಕೋ?”

ಮರದಡಿ ನಗುವಿನ ಅಲೆ. ನೀಲಿ ಬಾಟಲಿ ಜೋಪಾನವಾಗಿ ವಿಜಯ್ ಕೈಗೆ ಮರಳುತ್ತದೆ. ಕೆಂಚಮ್ಮ ಕಂಬಳಿ ಅಂಗಿ ಕಳಚಿ ದುರ್ಗಮ್ಮನ ಬಾಟಲಿ ಕೊಡುತ್ತಾರೆ. ನಾಲ್ಕು ಏಟಿಗೆ ಗೂಟ ನೆಲಕ್ಕಿಳಿಯುತ್ತದೆ. ಬಾಟಲಿಯ ಅಡಿ ಒಂದು ಕಡೆ ನೆಗ್ಗಿದೆ. ಚಿಕ್ಕಬೀರಪ್ಪ ಅದರಲ್ಲಿ ನೀರು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಒಂದು ಬೀಡಿ ಸೇದಿ ಮುಗಿಯುವವರೆಗೆ ಹಿಡಿದು ಕೂರುತ್ತಾರೆ. ಕೆಳಗಿನ ಮಣ್ಣು ಒಣಗಿಯೇ ಇರುತ್ತದೆ.

“ಆಯ್ತು ಬಿಡವ್ವ. ಎಲ್ರಿಗೂ ಇದೇ.”

ದುರ್ಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಬೆವರು ಎನ್ನುತ್ತಾರೆ. ವಿಜಯ್ ಹತ್ತಿರ ಬಂದು ಮೆಲ್ಲಗೆ, “ಅಕ್ಕ, ನನಗೂ ಒಂದು ಇಟ್ಟಿರು. ಇದು ಮನೇಲಿ ಅಮ್ಮಂಗೆ ಇರ್ಲಿ,” ಎನ್ನುತ್ತಾನೆ.

ಉಳಿ, ಸುತ್ತಿಗೆ ಹೊರಬರುತ್ತವೆ. ಮರಕ್ಕೊರಗಿ ಕೂತ ಒಬ್ಬರು ಬಿಡುವುದಿಲ್ಲ. “ಈ ಸಲ ಯಾವ್ ಕಡೆಗೆ ಹೊಡೀತೀಯವ್ವ, ಹೇಳಿ ಹೊಡಿ. ನಾವು ದೂರ ನಿಂತ್ಕೋತೀವಿ.”

“ಬಾಟ್ಲಿ ಹೆಗಲಿಗೆ, ಕತ್ತಿನ ಕೆಳಗೆ ಹಾಕ್ತೀನಿ ಕಣಣ್ಣ. ಒಂಟಿ ತಗಡು, ಇದ್ರಲ್ಲಿ ಕೆಡಿಸಾಕೆ ಏನೂ ಇಲ್ಲ. ಹೆಸ್ರು ಹೇಳಿ ಒಬ್ಬೊಬ್ರೇ.”

ಆಗ ಚಿಕ್ಕಬೀರಪ್ಪ ತಡೆಯುತ್ತಾರೆ. ಹೆಸರು ಬೇಡವಂತೆ. ಪ್ರತಿ ಮನೆಯವರೂ ತಮ್ಮ ಕುರಿಯ ಕಿವಿಗೆ ತಮ್ಮದೇ ಗುರುತು ಹಾಕಿರುತ್ತಾರೆ. ಒಬ್ಬರದು ತುದಿಯಲ್ಲಿ ಸೀಳು, ಒಬ್ಬರದು ಪಕ್ಕಕ್ಕೆ ಎರಡು ಕಚ್ಚು, ಇನ್ನೊಬ್ಬರದು ಅರೆಚಂದ್ರ. ಅದನ್ನೇ ಬಾಟಲಿಗೂ ಹಾಕಬೇಕು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ, ಓದು ಬಾರದವರಿಗೂ ತಿಳಿಯುತ್ತದೆ.

“ಕಷ್ಟಪಟ್ಟು ‘ಋ’ವರ್ಗೂ ಕಲ್ತೆ, ಈಗ ಕುರಿ ಕಿವಿ ಕೆತ್ತು ಅಂತೀರಲ್ಲ,” ಎಂದು ದುರ್ಗಮ್ಮ ದೂರುತ್ತಾರೆ. ದೂರುತ್ತಲೇ ಉಳಿಯನ್ನು ಇಡುತ್ತಾರೆ. ಒಬ್ಬೊಬ್ಬರು ಬಂದು ಮಣ್ಣಿನ ಮೇಲೆ ತಮ್ಮ ಗುರುತು ಗೀಚಿ ತೋರಿಸುತ್ತಾರೆ. ಎರಡು ಮನೆಯ ಗುರುತು ಒಂದೇ ತರ ಇದೆಯೆಂದು ಅಣ್ಣತಮ್ಮಂದಿರಿಬ್ಬರ ನಡುವೆ ಸಣ್ಣ ಜಗಳವಾಗುತ್ತದೆ. ತಮ್ಮನದಕ್ಕೆ ದುರ್ಗಮ್ಮ ಒಂದು ಚುಕ್ಕೆ ಹೆಚ್ಚಿಗೆ ಇಟ್ಟು ಮುಗಿಸುತ್ತಾರೆ. ಸಂಜೆ ನಾಲ್ಕೂವರೆಗೆ ಮೂವತ್ತೆರಡೂ ಮುಗಿದಿವೆ. ಚೀಲ ಖಾಲಿ. ಕೆಂಚಮ್ಮನ ಸುತ್ತ ಹೆಂಗಸರು ಕಂಬಳಿ ತುಂಡು ಹಿಡಿದು ಕೂತಿದ್ದಾರೆ.

ಬಸ್ಸಿಗೆ ಕಾಯುತ್ತ ನಿಂತಾಗ, ಇವತ್ತು ಸಮಾಧಾನವಾಯಿತೇ ಎಂದು ಕೇಳಿದರೆ ದುರ್ಗಮ್ಮ ತಲೆ ಅಲ್ಲಾಡಿಸುತ್ತಾರೆ. ಇನ್ನೂ ಇಲ್ಲವಂತೆ.

“ಮಳೆ ಹಿಡಿದ್ಮೇಲೆ ಇವರೆಲ್ಲ ವಾಪಸ್ ಬತ್ತಾರಲ್ಲ, ಅವತ್ತು ಬಂದು ಇದೇ ಮರದ ಕೆಳಗೆ ಕೂತ್ಕೋಬೇಕು ನಾನು. ಒಂದೊಂದೇ ಬಾಟ್ಲಿ ಇಸ್ಕೊಂಡು, ಎಲ್ಲೆಲ್ಲಿ ನೆಗ್ಗೈತೆ, ಯಾವ ಊರಿನ ಬಂಡೆಗೆ ಬಡೀತು ಅಂತ ಕೇಳ್ಬೇಕು. ಹೊಳಿಯೋದನ್ನ ಯಾರು ಬೇಕಾದ್ರೂ ಮಾರ್ತಾರಮ್ಮ. ಮೈಯೆಲ್ಲ ನೆಗ್ಗಿಸ್ಕೊಂಡು, ನೀರು ತುಂಬ್ಕೊಂಡು ವಾಪಸ್ ಬಂತು ನೋಡಿ, ಅದು ನಾನು ಆರಿಸಿದ್ದು.”